ದೊಡ್ಡ ಹೊಟ್ಟೆಯ ಪಥ್ಯ

ಕಲಿಯಪೆರುಮಾಳರ ಮನೆಗೆ ಎರಡು ಬಾಗಿಲು. ಮುಂದಿನದು ಬಂದು ಹೋಗುವ ನೆಂಟರಿಷ್ಟರಿಗೆ, ಹಿಂದಿನದು ಯಜಮಾನರಿಗೆ. ಇಪ್ಪತ್ತೊಂಬತ್ತು ವರ್ಷಗಳಿಂದ ಅವರು ಕೆಲಸದಿಂದ ಬಂದವರೇ ಸೈಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿ, ಕೈಪಂಪಿನ ಪಕ್ಕ ಹೆಂಡತಿ ಅಂಜಲೈ ತುಂಬಿಟ್ಟ ಎರಡು ಬಕೆಟ್ ನೀರನ್ನು ತಲೆಗೆ ಸುರಿದುಕೊಂಡು, ಒಗೆದ ಲುಂಗಿ ಉಟ್ಟು ನಿಲ್ಲಬೇಕು. ಅಂಜಲೈ ಹತ್ತಿರ ಬಂದು ಮೂಗರಳಿಸಿ "ಹೂಂ" ಎಂದ ಮೇಲೆಯೇ ಒಳಗೆ ಪ್ರವೇಶ. ಆ "ಹೂಂ" ಸಿಗದೆ ಮೂರನೆಯ ಬಕೆಟ್ಟಿಗೆ ಹಿಂದಿರುಗಿದ ದಿನಗಳೂ ಇದ್ದವು.

ಕೆಲಸ ಅಂಥದ್ದು. ಚೆನ್ನೈಯ ಉತ್ತರದಂಚಿನ ಕರುವೇಲಂಬಾಕ್ಕದಲ್ಲಿ ಊರಿನ ಕಕ್ಕಸು ಬಚ್ಚಲುಗಳ ನೀರನ್ನು ತೊಳೆದು ಹಸನು ಮಾಡುವ ಸ್ಥಾವರವಿದೆ. ಅಲ್ಲಿ ನೀರು ಒಂದು ಕಡೆಗೆ ಹೋಗುತ್ತದೆ, ತಳಕ್ಕಿಳಿದ ಗಸಿ ಇನ್ನೊಂದು ಕಡೆಗೆ. ಗಸಿ ಹೋಗುವುದು ಕಾಂಕ್ರೀಟಿನ ಒಂದು ದುಂಡನೆಯ ಮುಚ್ಚಿದ ತೊಟ್ಟಿಗೆ. ಕಾಗದಪತ್ರದಲ್ಲಿ ಅದರ ಹೆಸರು ಡೈಜೆಸ್ಟರ್. ಕೆಲಸಗಾರರ ಬಾಯಲ್ಲಿ ದೊಡ್ಡ ಹೊಟ್ಟೆ. ಗಾಳಿ ಬೆಳಕಿಲ್ಲದ ಆ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಕೂತು ಊರಿನ ಹೊಲಸನ್ನು ಉಂಡು ಗ್ಯಾಸು ಬಿಡುತ್ತವೆ. ಆ ಗ್ಯಾಸಿನಿಂದ ಒಂದು ಇಂಜಿನ್ನು ಓಡುತ್ತದೆ, ಇಂಜಿನ್ನಿನ ಕರೆಂಟಿನಿಂದ ಪಂಪುಗಳು ಓಡುತ್ತವೆ, ಪಂಪುಗಳು ತೊಳೆದ ನೀರನ್ನು ಸಣ್ಣ ಜಾಲರಿಗಳಲ್ಲಿ ಇನ್ನೊಮ್ಮೆ ಸೋಸಿ ಸುತ್ತಲ ಕಾರ್ಖಾನೆಗಳಿಗೆ ತಳ್ಳುತ್ತವೆ. ಊರು ತನ್ನ ಹೊಲಸನ್ನು ತಾನೇ ತೊಳೆಯಲು ಬೇಕಾದ ಶಕ್ತಿ ಆ ಹೊಲಸಿನಲ್ಲೇ ಇದೆ ಎನ್ನುವುದು ಕಲಿಯಪೆರುಮಾಳರಿಗೆ ಕೊನೆಯವರೆಗೂ ಹಳತಾಗದ ಬೆರಗು.

ಅವರು ಆ ದೊಡ್ಡ ಹೊಟ್ಟೆಯ ಆಪರೇಟರ್. ದಿನಕ್ಕೆಷ್ಟು ಗಸಿ ಉಣಿಸಬೇಕು, ಯಾವಾಗ ಕಲಕಬೇಕು, ಎಷ್ಟು ಬೆಚ್ಚಗಿಡಬೇಕು, ಎಲ್ಲವೂ ಅವರ ಕೈಯಲ್ಲಿ. ಕೊಳವೆಗೆ ಕಿವಿಯಿಟ್ಟು ಒಳಗಿನ ಗುಳುಗುಳು ಕೇಳಿ ಅವರು ಹೇಳಿದ್ದನ್ನು ಪ್ರಯೋಗಾಲಯದ ವರದಿ ಎರಡು ದಿನ ತಡವಾಗಿ ಹೇಳುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ. ಅಂಜಲೈ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಿದ್ದಳು: "ನಾನು ಬಸುರಿ ಇದ್ದಾಗ ಒಂದಿನ ನನ್ನ ಹೊಟ್ಟೆಗೆ ಕಿವಿ ಇಟ್ಟೋರಲ್ಲ ಈ ಮನುಷ್ಯ!"

ಮಗಳು ಪೂಂಗೊಡಿಗೆ ಗಂಡು ನೋಡುವಾಗ ವಿಳುಪ್ಪುರದ ಬೀಗರು "ಹುಡುಗಿ ಅಪ್ಪ ಏನು ಮಾಡ್ತಾರೆ?" ಎಂದು ಕೇಳಿದ್ದಕ್ಕೆ ಅಂಜಲೈ ಕಣ್ಣೆವೆ ಮಿಟುಕಿಸದೆ "ಕರೆಂಟ್ ತಯಾರಿಸ್ತಾರೆ" ಎಂದಿದ್ದಳು. ಕಲಿಯಪೆರುಮಾಳರು ಬಾಯಿ ತೆರೆಯುವಷ್ಟರಲ್ಲಿ ಅವರ ಬಾಯಿಗೊಂದು ಮೈಸೂರುಪಾಕು ತುರುಕಿದ್ದಳು. ಸುಳ್ಳೇನಲ್ಲವಲ್ಲ ಎಂದು ಅವರೂ ಅಗಿಯುತ್ತ ಸುಮ್ಮನಾದರು. ಕೆರೆಗಳೆಲ್ಲ ಬತ್ತಿಹೋದ ಒಂದು ಬೇಸಿಗೆಯಲ್ಲಿ, ಬೀದಿಯ ಹೆಂಗಸರು ಲಾರಿ ನೀರಿಗೆ ಕೊಡ ಹಿಡಿದು ಜುಟ್ಟು ಜುಟ್ಟು ಹಿಡಿದುಕೊಂಡಿದ್ದಾಗ, ಅವರು ಹೆಂಡತಿಗೆ ವಿವರಿಸಲು ಹೋದರು: "ನೋಡು, ಕಾರ್ಖಾನೆಗಳು ನಾವು ತೊಳೆದ ನೀರು ಕುಡಿಯೋದ್ರಿಂದ್ಲೇ ಕೆರೇಲಿ ಉಳಿದ ನಾಲ್ಕು ಹನಿ ನಿನ್ನ ಕೊಡಕ್ಕೆ ಬರ್ತಿರೋದು." ಅಂಜಲೈ ಲೋಟ ಕೆಳಗಿಟ್ಟು, "ಆ ಕಥೆ ಈಗ ಬೇಡ. ನಾನು ನೀರು ಕುಡೀತಿದೀನಿ" ಎಂದಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಸ್ಥಾವರದ ಗೇಟು ದಾಟಿದವಳಲ್ಲ.

ದೊಡ್ಡ ಹೊಟ್ಟೆಯ ಪಕ್ಕದ ಶೆಡ್ಡಿನಲ್ಲಿ ಒಂದು ಒಲೆಯಿತ್ತು. ಗಂಧಕದ ನಾತ ತೆಗೆದ ಗ್ಯಾಸನ್ನು ಸಣ್ಣ ಕೊಳವೆಯಲ್ಲಿ ಅದಕ್ಕೆ ಕೊಟ್ಟಿದ್ದರು. ಕೆಲಸಗಾರರ ಚಹಾ ಅಲ್ಲೇ. ಹೊಸದಾಗಿ ಬಂದವರು ಮೊದಲ ದಿನ ಲೋಟ ಹಿಡಿದು ಮುಖ ಕಿವುಚುವುದು, ಹಳಬರು ಅದನ್ನು ನೋಡಿ ನಗುವುದು ಅಲ್ಲಿನ ಸಂಪ್ರದಾಯ. ಹನ್ನೆರಡು ಲೋಟದ ಪಾತ್ರೆ ಆರು ನಿಮಿಷಕ್ಕೆ ಕುದಿ ಬಂದರೆ ಹೊಟ್ಟೆ ಚೆನ್ನಾಗಿದೆ ಎಂದರ್ಥ. ಏಳಾದರೆ ಕಲಿಯಪೆರುಮಾಳರು ಎದ್ದು ಹೋಗಿ ಒಮ್ಮೆ ಕೊಳವೆ ಮುಟ್ಟಿ ನೋಡಿ ಬರುತ್ತಿದ್ದರು.

ಅವರ ನಿವೃತ್ತಿ ಜನವರಿ ಮೂವತ್ತೊಂದಕ್ಕೆ. ಅದಕ್ಕೆ ಕೆಲವು ತಿಂಗಳ ಮೊದಲು ಇನ್ನೊಂದು ಸುದ್ದಿ ಬಂತು. ಸ್ಥಾವರದ ಹಿಂದಿನ ಬಯಲಲ್ಲಿ ಸೌರಫಲಕಗಳನ್ನು ಹಾಸಿದ್ದರು. ಬಿಸಿಲಿಂದಲೇ ಕರೆಂಟು ಬರುವಾಗ ಈ ಮುದಿ ತೊಟ್ಟಿಯನ್ನು ರಿಪೇರಿ ಮಾಡಿಸುತ್ತ ಕೂರುವುದೇಕೆ, ಮುಚ್ಚಿಬಿಟ್ಟು ಗಸಿಯನ್ನು ಲಾರಿಯಲ್ಲಿ ಸಾಗಿಸಿದರಾಯಿತು ಎಂದು ಮೇಲಿನವರಲ್ಲಿ ಕೆಲವರ ವಾದ. ಡಿಸೆಂಬರ್ ಕೊನೆಯಲ್ಲಿ ಪರಿಶೀಲನೆಯ ತಂಡ ಬರುತ್ತದೆ. ಇಂಜಿನ್ನು ತನ್ನ ಗ್ಯಾಸಿನಿಂದಲೇ ಮೂರು ದಿನ ನಿಲ್ಲದೆ ಓಡಿದರೆ ತೊಟ್ಟಿ ಉಳಿಯುತ್ತದೆ. ಇಲ್ಲವಾದರೆ ಬೀಗ.

"ಬಿಸಿಲು ಒಳ್ಳೇದೇ, ಬೇಡ ಅಂದೋರು ಯಾರು?" ಎಂದರು ಕಲಿಯಪೆರುಮಾಳರು. "ಆದ್ರೆ ಅದು ಸಂಜೆ ಆರಕ್ಕೆ ಮನೆಗೆ ಹೋಗುತ್ತೆ. ನನ್ನ ಹೊಟ್ಟೆ ರಾತ್ರಿ ಪಾಳೀನೂ ಮಾಡುತ್ತೆ."

ಓಡುವುದರ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಆಗ ಬಂದದ್ದು ಆಯುಧಪೂಜೆ.

ಆಯುಧಪೂಜೆಯೆಂದರೆ ಕಾರ್ಖಾನೆ ವರ್ಕ್‌ಶಾಪುಗಳಲ್ಲೆಲ್ಲ ದೀಪಾವಳಿಗಿಂತ ಒಂದು ಕೈ ಮೇಲು. ಹಿಂದಿನ ವರ್ಷಗಳಲ್ಲಿ ಗಸಿಯ ಕಟ್ಟಡವನ್ನು ಬರೀ ನೀರಲ್ಲಿ ತೊಳೆದು, ಇಂಜಿನ್ನಿಗೆ ಶ್ರೀಗಂಧ ಕುಂಕುಮ ಹಚ್ಚಿ ಮುಗಿಸುತ್ತಿದ್ದರು. ಈ ಸಲ ತಮ್ಮ ಕೊನೆಯ ಪೂಜೆ. ಕಲಿಯಪೆರುಮಾಳರ ಭಕ್ತಿ ಉಕ್ಕಿ ಹರಿಯಿತು. ಉಗ್ರಾಣದಲ್ಲಿ ಹಿಂದೊಮ್ಮೆ ಚಂಡಮಾರುತದ ಕಾಲಕ್ಕೆ ತರಿಸಿ ಉಳಿದುಬಿದ್ದಿದ್ದ ಗಟ್ಟಿ ಫಿನಾಯಿಲಿನ ದೊಡ್ಡ ಕ್ಯಾನುಗಳಿದ್ದವು. ಒಂದಲ್ಲ ಎರಡಲ್ಲ, ಹನ್ನೊಂದನ್ನು ಹೊರಗೆ ತಂದರು. ಎರಡು ದಿನ ನೆಲ, ಗೋಡೆ, ಮೆಟ್ಟಿಲು, ಕಂಬಿ ಏನನ್ನೂ ಬಿಡದೆ ತಾವೇ ಪಂಚೆ ಎತ್ತಿ ಕಟ್ಟಿ ನಿಂತು ಉಜ್ಜಿದರು, ಉಜ್ಜಿಸಿದರು. ಕಟ್ಟಡ ಆಸ್ಪತ್ರೆಯ ಹಾಗೆ ಘಮಘಮಿಸಿತು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಎಲ್ಲರಿಗೂ ಮಂಡಕ್ಕಿ ಹುರಿಗಡಲೆ ಹಂಚಿದರು. ಪದ್ಧತಿಯಂತೆ ಆ ದಿನ ಆಯುಧಕ್ಕೆಲ್ಲ ವಿಶ್ರಾಂತಿ, ಆದ್ದರಿಂದ ಗಸಿ ಉಣಿಸುವ ಪಂಪಿಗೂ ರಜೆ. ಮರುದಿನ ವಿಜಯದಶಮಿ. "ಪಾಪ, ನಿನ್ನೆ ಪೂರ್ತಿ ಉಪವಾಸ ಇತ್ತು" ಎಂದು ಎರಡು ದಿನದ ಊಟವನ್ನು ಒಟ್ಟಿಗೇ ಉಣಿಸಿದರು.

ಈಗ ಹೇಳಬೇಕಾದ ಮಾತೊಂದಿದೆ. ಆ ಕಟ್ಟಡದ ನೆಲ ತೊಳೆದ ನೀರು ಎಲ್ಲಿಗೂ ಹೊರಗೆ ಹೋಗುವುದಿಲ್ಲ. ಮೋರಿಯಿಂದ ಗಸಿಯ ಗುಂಡಿಗೆ, ಗುಂಡಿಯಿಂದ ನೆಟ್ಟಗೆ ದೊಡ್ಡ ಹೊಟ್ಟೆಗೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಮೊದಲ ದಿನವೇ ಈ ಪಾಠ ಹೇಳುತ್ತಿದ್ದವರು ಬೇರಾರೂ ಅಲ್ಲ, ಕಲಿಯಪೆರುಮಾಳರೇ. ಅತಿಯಾದರೆ ಅಮೃತವೂ ವಿಷವಂತೆ. ಇದಂತೂ ಫಿನಾಯಿಲು.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ನಿಮಿಷ ಕಳೆದರೂ ಚಹಾ ಕುದಿಯಲಿಲ್ಲ. ಒಲೆಯ ಉರಿ ನೀಲಿಯಿಂದ ಹಳದಿಗೆ ತಿರುಗಿ ತೂಕಡಿಸುತ್ತಿತ್ತು. ಕಲಿಯಪೆರುಮಾಳರು ಓಡಿಹೋಗಿ ಕೊಳವೆಗೆ ಕಿವಿಯಿಟ್ಟರು. ಗುಳುಗುಳು ಇರಲಿಲ್ಲ. ಮಾದರಿಯ ನಲ್ಲಿ ತಿರುಗಿಸಿ ಮೂಸಿದರು. ಎಂದಿನ ಮಣ್ಣಿನಂಥ ವಾಸನೆಯ ಬದಲು, ಮೂರು ದಿನ ಮರೆತುಹೋದ ದೋಸೆ ಹಿಟ್ಟಿನ ಹುಳಿ. ಆ ಕ್ಷಣವೇ ಅವರಿಗೆ ಎಲ್ಲ ಹೊಳೆಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂತ ಮೆಟ್ಟಿಲು ಇನ್ನೂ ಫಿನಾಯಿಲು ನಾರುತ್ತಿತ್ತು.

ಅದೇ ವಾರ ಇಂಜಿನ್ನು ನಿಂತಿತು. ಪಂಪುಗಳನ್ನು ಹೊರಗಿನ ಕರೆಂಟಿಗೆ ಹಾಕಬೇಕಾಯಿತು. ಸ್ಥಾವರದ ಸಹಾಯಕ ಇಂಜಿನಿಯರ್ ಎಳಿಲರಸಿ, ಇಪ್ಪತ್ತಾರು ವರ್ಷದ ಹುಡುಗಿ, ಕೈಯಲ್ಲಿ ವರದಿ ಹಿಡಿದು ಎಲ್ಲರನ್ನೂ ಕೂರಿಸಿ ಕೇಳಿದಳು.

"ಒಳಗೆ ಪೂರ್ತಿ ಹುಳಿ ಏರಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಯಾರಾದ್ರೂ ಏನಾದ್ರೂ ಬಿಟ್ರಾ?"

"ಬಣ್ಣದ ಫ್ಯಾಕ್ಟರಿಯೋರೇ ಇರ್ಬೇಕು ಮೇಡಂ, ಕದ್ದು ಆಸಿಡ್ ಬಿಟ್ಟಿರ್ತಾರೆ" ಎಂದನೊಬ್ಬ. ಉಳಿದವರು ಹೌದು ಹೌದು ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಲಿಯಪೆರುಮಾಳರ ಕೈ ತಂತಾನೇ ಮೂಗಿನ ಬಳಿ ಹೋಯಿತು, ಬೆರಳಲ್ಲಿ ಇನ್ನೂ ವಾಸನೆ ಇದೆಯೇನೋ ಎಂಬಂತೆ. ಇಪ್ಪತ್ತೊಂಬತ್ತು ವರ್ಷ ಒಂದು ಕಪ್ಪುಚುಕ್ಕೆಯಿಲ್ಲದ ಸೇವಾಪುಸ್ತಕ, ಇನ್ನು ಮೂರೇ ತಿಂಗಳು. ಮನುಷ್ಯನಿಗೆ ನಾಲಿಗೆ ಒಣಗಲು ಇಷ್ಟು ಸಾಕು.

"ಮೇಲಿನೋರು ಆಗ್ಲೇ ಹೇಳ್ತಿದಾರೆ, ತೊಟ್ಟಿಗೆ ವಯಸ್ಸಾಯ್ತು, ಹೊಟ್ಟೆ ಕೆಟ್ಟಿದ್ದು ಅದಕ್ಕೇ ಅಂತ" ಎಂದಳು ಎಳಿಲರಸಿ. "ಬೇರೆ ಕಾರಣ ಸಿಗದಿದ್ರೆ ನಾನೂ ಸೋಮವಾರ ಹಂಗೇ ಬರೀಬೇಕು."

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಂಜಲೈ ಬಡಿಸಿದ ಕಾರಕುಳಂಬು ಅನ್ನ ಹಾಗೇ ಇತ್ತು.

"ಹೊಟ್ಟೆ ಸರಿ ಇಲ್ವಾ?"

"ಇಲ್ಲ."

"ಜೀರಿಗೆ ಕಷಾಯ ಮಾಡ್ಲಾ?"

"ನಂದಲ್ಲ ಕಣೆ. ಅದರದ್ದು."

ಬಳಿಕ ಒಂದೊಂದೇ ಮಾತಾಗಿ ಎಲ್ಲವನ್ನೂ ಹೇಳಿದರು. ಅಂಜಲೈ ಸೌಟು ಹಿಡಿದೇ ಕೇಳಿದಳು.

"ಅಲ್ರೀ, ಅಷ್ಟು ಜನ ಇದ್ರಲ್ಲ. ಫಿನಾಯಿಲ್ ಸುರೀಬೇಡಿ ಅನ್ನೋನು ಒಬ್ಬನೂ ಇರ್ಲಿಲ್ವಾ?"

"ಹೇಳ್ಬೇಕಾದೋನು ನಾನೇ ಆಗಿದ್ದೆ."

ಅವಳಿಗೆ ನಗು ಬಂತು, ಗಂಡನ ಮುಖ ನೋಡಿ ನುಂಗಿಕೊಂಡಳು. ಸೌಟು ಕೆಳಗಿಟ್ಟು ಹೇಳಿದಳು: "ಪೂಂಗೊಡಿಗೆ ಎರಡು ವರ್ಷ ಇದ್ದಾಗ ವಾಂತಿ ಭೇದಿ ಹಿಡಿದಿತ್ತು, ನೆನಪಿದ್ಯಾ? ಡಾಕ್ಟ್ರು ಏನು ತಿನ್ನಿಸಿದ್ರಿ ಅಂತ ಕೇಳಿದ್ರು. ಹಳಸಿದ ಪಾಯಸ ಕೊಟ್ಟಿದ್ದು ನಾನು. ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ರಲ್ಲ, ಹೆದರಿ ಹೇಳ್ಲಿಲ್ಲ. ಎರಡು ದಿನ ತಪ್ಪು ಔಷಧಿ ಕೊಟ್ರು. ಮಗು ಕಣ್ಣು ತೇಲಿಸಿದಾಗ ಹೇಳ್ದೆ."

"ನೀನು ನನಗೂ ಹೇಳಿರ್ಲಿಲ್ಲ."

"ಈಗ ಹೇಳ್ದೆನಲ್ಲ. ಊಟ ಮಾಡಿ."

ಸೋಮವಾರ ಎಳಿಲರಸಿ ಕಚೇರಿಗೆ ಬರುವ ಮೊದಲೇ ಕಲಿಯಪೆರುಮಾಳರು ಬಾಗಿಲಲ್ಲಿ ನಿಂತಿದ್ದರು. ಹನ್ನೊಂದು ಖಾಲಿ ಕ್ಯಾನುಗಳನ್ನೂ ಸಾಲಾಗಿ ನಿಲ್ಲಿಸಿದ್ದರು. ಅವಳು ಎಲ್ಲವನ್ನೂ ಕೇಳಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದಳು.

"ಅಣ್ಣಾ, ನೀವು ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ ಅಂದ್ಕೊಳ್ಳೋಣ. ಔಷಧಿ ಮಾಡ್ತೀನಿ. ಕಾಗದದಲ್ಲಿ ಬೇಡ."

"ಬರ್ಕೊಳ್ಳಿ ಮೇಡಂ. ಮುದಿಯಾಗಿ ಕೆಟ್ಟಿತು ಅಂತ ಬರೆದ್ರೆ ಅದು ಸುಧಾರಿಸಿದ್ರೂ ಯಾರೂ ನಂಬಲ್ಲ, ಬೀಗ ಹಾಕೇ ಹಾಕ್ತಾರೆ. ವಿಷ ಹಾಕಿ ಕೆಡಿಸಿದ್ದು ಅಂತ ಬರೆದ್ರೆ ಬದುಕುತ್ತೆ."

"ನಿಮ್ಮ ಮೇಲೆ ಬರುತ್ತಲ್ಲ ಅಣ್ಣಾ."

"ನನಗೆ ಹೆಂಗೂ ಜನವರೀಲಿ ಬೀಗ ಹಾಕ್ತಾರೆ."

ಎಳಿಲರಸಿ ಬರೆದುಕೊಂಡಳು. ಬರೆಯುವಾಗ ಅವಳ ಮೂಗು ಕೆಂಪಾಗಿತ್ತು.

ಚಿಕಿತ್ಸೆ ಶುರುವಾಯಿತು. ಮೊದಲನೆಯದು ಲಂಘನ: ಉಣಿಸುವುದು ಪೂರ್ತಿ ಬಂದ್. ಎರಡನೆಯದು ಹುಳಿ ಮುರಿಯಲು ಸುಣ್ಣದ ತಿಳಿ. ಮೂರನೆಯದೇ ಕಷ್ಟದ್ದು. ಸತ್ತ ಜೀವಿಗಳ ಜಾಗಕ್ಕೆ ಬದುಕಿರುವ ಜೀವಿಗಳು ಬೇಕು, ಅವು ಇನ್ನೊಂದು ಆರೋಗ್ಯವಂತ ಹೊಟ್ಟೆಯಿಂದಲೇ ಬರಬೇಕು. ಮೊಸರಿಗೆ ಹೆಪ್ಪು ಬೇಕಾದ ಹಾಗೆ. ಹೆಪ್ಪು ಇದ್ದದ್ದು ಊರಿನ ದಕ್ಷಿಣದ ತೆನ್‌ಪಾಕ್ಕಂ ಸ್ಥಾವರದಲ್ಲಿ. ಅಲ್ಲಿನ ಆಪರೇಟರ್ ಅರುಳಪ್ಪನ್. ಹೆಚ್ಚು ಗ್ಯಾಸು ಕೊಟ್ಟ ಸ್ಥಾವರಕ್ಕೆ ವರ್ಷಕ್ಕೊಮ್ಮೆ ಕೊಡುವ ಗುರಾಣಿ ಹದಿನೈದು ವರ್ಷದಿಂದ ಈ ಇಬ್ಬರ ನಡುವೆಯೇ ಓಡಾಡುತ್ತಿತ್ತು, ಮಾತುಕತೆಯೆಲ್ಲ ಬರೀ ಕುಟುಕು. ಕಲಿಯಪೆರುಮಾಳರು ಎರಡು ಸಲ ನಂಬರು ಒತ್ತಿ ಕತ್ತರಿಸಿ, ಮೂರನೆಯ ಸಲ ಮಾತಾಡಿದರು. ಆಗ ಸಂಜೆಯಾಗಿತ್ತು.

"ಏನಪ್ಪಾ ಗುರಾಣಿ! ಸೂರ್ಯ ಯಾವ ಕಡೆ ಮುಳುಗ್ತಿದಾನೆ, ನನ್ನ ನೆನಪಾಯ್ತಾ?" ಎಂದನು ಅರುಳಪ್ಪನ್.

"ನನ್ನ ಹೊಟ್ಟೆ ಸತ್ತೋಗ್ತಿದೆ ಅರುಳಪ್ಪಾ. ಆರು ಟ್ಯಾಂಕರ್ ಹೆಪ್ಪು ಬೇಕು."

ಅವನು ಕಾರಣ ಕೇಳಿದ, ಇವರು ಮುಚ್ಚಿಡದೆ ಹೇಳಿದರು. ಅರುಳಪ್ಪನ್ ಫೋನು ದೂರ ಹಿಡಿದು ನಕ್ಕದ್ದು ಇಲ್ಲಿಗೂ ಕೇಳಿಸಿತು.

"ಹನ್ನೊಂದು ಕ್ಯಾನಾ? ನಾವು ಕ್ರಿಸ್‌ಮಸ್‌ಗೆ ಗೋಡೆಗೆ ಸುಣ್ಣ ಬಳೀತೀವಿ ಅಷ್ಟೇ ಮಾರಾಯ, ಯಾರ ಹೊಟ್ಟೇಗೂ ಕುಡಿಸಲ್ಲ! ಈಗ ಬೇಡ, ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರ್ದು. ಬೆಳಿಗ್ಗೆ ಕಳ್ಸು."

"ನೀನು ಅದನ್ನೆಲ್ಲ ನಂಬ್ತೀಯಾ?"

"ನಾನು ನಂಬಲ್ಲ. ನನ್ನ ಹೆಂಡ್ತಿ ನಂಬ್ತಾಳೆ, ಅವಳ ಮನೇಲಿ ಇವತ್ತಿನವರೆಗೂ ಮೊಸರು ಕೆಟ್ಟಿಲ್ಲ. ಆರಲ್ಲ, ಎಂಟು ಟ್ಯಾಂಕರ್ ತಗೊಂಡ್ಹೋಗು. ಮುಂದಿನ ವರ್ಷ ಗುರಾಣಿ ಗೆಲ್ಲೋಕೆ ನನಗೆ ಎದುರಾಳಿ ಬೇಕಲ್ಲ."

ಎಂಟು ದಿನ, ದಿನಕ್ಕೊಂದು ಟ್ಯಾಂಕರ್. ಹೊರಗೆ ಐಪ್ಪಸಿ ತಿಂಗಳ ಹಿಂಗಾರು ಮಳೆ ಹೊಡೆಯುತ್ತಿತ್ತು. ಕಲಿಯಪೆರುಮಾಳರು ಪ್ರತಿ ಸಲವೂ ಚಾಲಕನ ಪಕ್ಕ ಕೂತು ಹೋಗಿ ಬಂದರು. ಗಸಿ ತಣ್ಣಗಾಗಬಾರದೆಂದು ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಗೊಡಲಿಲ್ಲವೆಂದು ಚಾಲಕ ಊರೆಲ್ಲ ದೂರಿದ. ಹೆಪ್ಪು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ. ಕೊನೆಯ ದಿನ ಟ್ಯಾಂಕರನ್ನು ಚೆನ್ನಾಗಿ ತೊಳೆಸಿ, ಸೋಸಿದ ನೀರು ತುಂಬಿಸಿ, ಅರುಳಪ್ಪನ್ ತನ್ನ ಸ್ಥಾವರದಲ್ಲಿ ಬೆಳೆಸಿದ್ದ ಬಾಳೆತೋಟಕ್ಕೆ ಕಳಿಸಿದರು. ಟ್ಯಾಂಕರಿಗೆ ಫಿನಾಯಿಲು ಹಾಕಲಿಲ್ಲ.

ಆಮೇಲೆ ಬಾಣಂತಿ ಮನೆಯ ಪಥ್ಯ. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ ಗಸಿ. ಎರಡನೆಯ ವಾರ ಇಪ್ಪತ್ತು. ಒಂದು ದಿನ ಆಸೆಗೆ ಬಿದ್ದು ಎಳಿಲರಸಿ "ಇವತ್ತು ಅರ್ಧ ಗಂಟೆ ಕೊಡೋಣ್ವಾ ಅಣ್ಣಾ?" ಎಂದಾಗ ಕಲಿಯಪೆರುಮಾಳರು ಕೈಮುಗಿದು ಬಿಟ್ಟರು: "ಬೇಡಿ ಮೇಡಂ. ಪ್ರೀತಿ ಮಾಡಿಯೇ ಇದನ್ನ ಕೊಂದಿದ್ದು." ಒಲೆಯ ಮೇಲೆ ಪಾತ್ರೆಯಿಟ್ಟು ಕಾಯುವುದು ದಿನದ ಪೂಜೆಯಾಯಿತು. ನವೆಂಬರ್ ಇಡೀ ಬರೀ ಬೆಚ್ಚಗಿನ ಹಾಲು. ಡಿಸೆಂಬರ್ ಮೊದಲಲ್ಲಿ ಹದಿನಾಲ್ಕು ನಿಮಿಷಕ್ಕೆ ಕುದಿ. ಹತ್ತನೆಯ ತಾರೀಕಿಗೆ ಒಂಬತ್ತು. ಒಂದು ಬೆಳಿಗ್ಗೆ ಎಲ್ಲರೂ ಗಡಿಯಾರ ನೋಡುತ್ತ ಕೂತಿದ್ದಾಗ ಐದು ಮುಕ್ಕಾಲು ನಿಮಿಷಕ್ಕೇ ಉಕ್ಕಿ ಚೆಲ್ಲಿ ಒಲೆ ಆರಿಹೋಯಿತು. ಯಾರಿಗೂ ಬೇಜಾರಾಗಲಿಲ್ಲ. ಕಲಿಯಪೆರುಮಾಳರು ಬಟ್ಟೆ ತಗೊಂಡು ಒಲೆ ಒರೆಸುವ ನೆಪದಲ್ಲಿ ಕಣ್ಣೊರೆಸಿಕೊಂಡರು.

ಪರಿಶೀಲನೆಯ ತಂಡ ಬಂತು. ಇಂಜಿನ್ನು ಮೂರು ದಿನವಲ್ಲ, ನಾಲ್ಕು ದಿನ ಓಡಿತು. ತಂಡದ ಹಿರಿಯ ಅಧಿಕಾರಿ ಎಳಿಲರಸಿಯ ವರದಿಯನ್ನು ಎರಡು ಸಲ ಓದಿ, "ಹನ್ನೊಂದು ಕ್ಯಾನ್ ಕುಡಿದೂ ಎರಡೇ ತಿಂಗಳಲ್ಲಿ ಎದ್ದು ಕೂತಿದೆ ಅಂದ್ರೆ ಇದಕ್ಕೆ ವಯಸ್ಸಾಗಿದೆ ಅನ್ನೋದು ಯಾರು?" ಎಂದರು. ತೊಟ್ಟಿ ಉಳಿಯಿತು. ಹಗಲಿಗೆ ಬಿಸಿಲು, ರಾತ್ರಿಗೆ ಹೊಟ್ಟೆ ಎಂದು ತೀರ್ಮಾನವಾಯಿತು. ಮೇಲ್ಚಾವಣಿಯ ರಿಪೇರಿಗೂ ಅಪ್ಪಣೆ ಸಿಕ್ಕಿತು.

ಜನವರಿ ಮೂವತ್ತೊಂದರಂದು ಬೀಳ್ಕೊಡುಗೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅಂಜಲೈ ಗೇಟು ದಾಟಿದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಸೆರಗು ಮೂಗಿಗೆ. ಗಂಡ ಕರೆದುಕೊಂಡು ಹೋಗಿ ದೊಡ್ಡ ಹೊಟ್ಟೆ ತೋರಿಸಿದರು. ಅವಳು ಮೇಲಿಂದ ಕೆಳಗೆ ನೋಡಿ, "ಇದೇನಾ ನನ್ನ ಸವತಿ" ಎಂದಳು. ಶೆಡ್ಡಿನ ಒಲೆಯ ಚಹಾ ಬಂತು. ಕೆಲಸಗಾರರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಸೆರಗು ಕೆಳಗಿಳಿಸಿ ಪೂರ್ತಿ ಕುಡಿದಳು.

"ಹೆಂಗಿದೆ ಅತ್ತಿಗೆ?"

"ಸಕ್ಕರೆ ಕಮ್ಮಿ."

ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಎಲ್ಲ ಮುಗಿದ ಮೇಲೆ ಎಳಿಲರಸಿ ತಲೆ ತಗ್ಗಿಸಿ ಒಂದು ಕಂದು ಲಕೋಟೆ ಕೈಗಿತ್ತಳು. "ಇವತ್ತೇ ಕೊಡಬೇಕು ಅಂತ ಆರ್ಡರ್ ಅಣ್ಣಾ. ಬೇಜಾರು ಮಾಡ್ಕೋಬೇಡಿ." ಮೇಲಿನ ಕಚೇರಿಯ ಎಚ್ಚರಿಕೆ ಪತ್ರ. ಅದರ ಒಂದು ಪ್ರತಿ ಅವರ ಸೇವಾಪುಸ್ತಕಕ್ಕೂ ಸೇರಿತ್ತು.

ಮನೆಗೆ ಆಟೋದಲ್ಲಿ ಬಂದರು. ಶಾಲು ಗಡಿಯಾರಗಳ ಜೊತೆ ಅಂಜಲೈ ಮುಂದಿನ ಬಾಗಿಲಿಂದ ಹೋದಳು. ಕಲಿಯಪೆರುಮಾಳರು ಅಭ್ಯಾಸ ಬಲದಿಂದ ಹಿತ್ತಲಿಗೆ ಹೋಗಿ, ಎರಡು ಬಕೆಟ್ ನೀರು ಸುರಿದುಕೊಂಡು, ಲುಂಗಿ ಉಟ್ಟು, ಕೈಪಂಪಿನ ಕಟ್ಟೆಯ ಮೇಲೆ ಕೂತು ಲಕೋಟೆ ಒಡೆದರು. ಅಂಜಲೈ ಮೂಸಿ ನೋಡಲು ಬಂದವಳು ಅಲ್ಲೇ ನಿಂತಳು.

"ಏನಂತೆ? ಗಟ್ಟಿಯಾಗಿ ಓದಿ."

ಅವರು ಓದಿದರು: "'ಕೂಲಂಕಷ ತನಿಖೆಯ ನಂತರ ಡೈಜೆಸ್ಟರ್‌ನಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಸಂಪೂರ್ಣ ದೋಷವು ಆಪರೇಟರ್ ಕಲಿಯಪೆರುಮಾಳ್ ಅವರದಾಗಿರುತ್ತದೆ.'"

ಅಂಜಲೈಗೆ ರೇಗಿತು. "ಮೂವತ್ತು ವರ್ಷ ಹೇಲಲ್ಲಿ ಕೈಯಿಟ್ಟು ದುಡಿದೋನಿಗೆ ಕೊನೇ ದಿನ ಇದಾ ಮರ್ಯಾದೆ? ಹರಿದು ಬಿಸಾಕಿ!"

ಅವರು ಹರಿಯಲಿಲ್ಲ. ಅವರ ಮುಖದಲ್ಲಿ ಮಗಳ ಮದುವೆಯ ದಿನ ಕಂಡಿದ್ದ ಕಳೆ ಇತ್ತು. ಕಾಗದವನ್ನು ನೀರು ತಾಗದಂತೆ ಎತ್ತಿ ಹಿಡಿದಿದ್ದರು. ಅಂಜಲೈ ಗಂಡನ ಮುಖವನ್ನು ನೋಡುತ್ತ ನಿಂತಳು. ಸೆರಗಿಗೆ ಕೈಯೊರೆಸಿಕೊಂಡು ಪಕ್ಕದಲ್ಲಿ ಕೂತಳು.

"ಇನ್ನೊಂದ್ಸಲ ಓದಿ" ಎಂದಳು. "ಮೊದಲನೇ ಸಾಲು ಮಾತ್ರ."